ಓಓ ಗೇಜ್ ಕ್ಲಾಸ್ 37: ಹಳೆಯ ಲೀಮಾಗೆ ಡಿಸಿಸಿ ಹಾಕಬಹುದೇ? ಹೊಸದು ಏರಿನಲ್ಲಿ ಜಾರುತ್ತಿದೆ

ಅಟ್ಟದ_ಹಳಿ:

ಎಲ್ಲರಿಗೂ ನಮಸ್ಕಾರ. ಲೆಸ್ಟರ್‌ನ ಮನೆಯ ಅಟ್ಟದಲ್ಲಿ 4.2 ಮೀ × 2.4 ಮೀ ಅಳತೆಯ ಓಓ (ಅಡಿಗೆ 4 ಮಿ.ಮೀ. ಲೆಕ್ಕದ ಮಾದರಿ ರೈಲು) ಲೇಔಟ್ ಇದೆ. ವಸ್ತು 1986ರ ಸುಮಾರಿನ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ಲೈನ್. ಕಾಣುವ ಭಾಗದಲ್ಲಿ ಕೋಡ್ 75 ಹಳಿ, ಹಿಂದಿನ ಫಿಡಲ್ ಯಾರ್ಡಿನಲ್ಲಿ (ರೈಲುಗಳನ್ನು ಮರೆಯಲ್ಲಿ ನಿಲ್ಲಿಸುವ ಜಾಗ) ಅದಕ್ಕಿಂತ ಎತ್ತರದ ಕೋಡ್ 100. ಅತಿ ಬಿಗಿಯಾದ ತಿರುವು 2ನೇ ರೇಡಿಯಸ್ (438 ಮಿ.ಮೀ.). ಉದ್ದದ ಬದಿಯಲ್ಲಿ 40ಕ್ಕೆ 1ರ ಏರು, ಒಟ್ಟು ಎತ್ತರ 70 ಮಿ.ಮೀ. ಈಗ ಅನಲಾಗ್‌ನಲ್ಲಿ (ಹಳಿಯ ವೋಲ್ಟೇಜ್ ಏರಿಳಿಸಿ) ಓಡುತ್ತಿದೆ, ಡಿಸಿಸಿಗೆ (ಲೋಕೊದೊಳಗಿನ ಡಿಕೋಡರ್ ಎಂಬ ಚಿಪ್ ಮೂಲಕ ಪ್ರತಿ ಲೋಕೊಗೂ ಬೇರೆಬೇರೆ ಡಿಜಿಟಲ್ ಆದೇಶ ಕೊಡುವ ವ್ಯವಸ್ಥೆ) ಬದಲಾಯಿಸುವ ಯೋಚನೆ.

ಇರುವ ಲೋಕೊಗಳು ಮೂರು, ಮೂರೂ ಬ್ರಿಟಿಷ್ ಕ್ಲಾಸ್ 37 ಡೀಸೆಲ್ ಲೋಕೊದ ಮಾದರಿ:

1. ಲೀಮಾ (ಮಾದರಿ ತಯಾರಕರ ಹೆಸರು), ಬಿಆರ್ (ಬ್ರಿಟಿಷ್ ರೈಲ್) ನೀಲಿ, ಹಳೆಯ ಪ್ಯಾನ್‌ಕೇಕ್ (ಚಪ್ಪಟೆ) ಮೋಟಾರ್. ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ನಿಧಾನ ಹೋದರೆ ನಿಂತೇಬಿಡುತ್ತದೆ. ಕೋಡ್ 75 ಮೇಲೆ ಉದ್ದಕ್ಕೂ ಟಕಟಕ ಸದ್ದು.

2. 2000ದ ದಶಕದ ಒಂದು ಸೆಕೆಂಡ್‌ಹ್ಯಾಂಡ್ ಮಾದರಿ. ನಡುವೆ ಮೋಟಾರ್, ಎರಡು ಫ್ಲೈವೀಲ್, ಡಿಕೋಡರ್ ಸಿಕ್ಕಿಸುವ 8 ಪಿನ್ ಸಾಕೆಟ್. ಚೆನ್ನಾಗಿ ಓಡುತ್ತದೆ, ಆದರೆ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತದೆ.

3. ಹೊಸ 37/4 (ಕ್ಲಾಸ್ 37ರ ಒಂದು ಉಪಗುಂಪು), ಲಾರ್ಜ್ ಲೋಗೊ ಬಣ್ಣ, 21 ಪಿನ್. ಆರು ಮಾರ್ಕ್ 1 ಕೋಚ್ ಸಿಕ್ಕಿಸಿದರೆ ಏರಿನ ಬುಡದಲ್ಲೇ ಚಕ್ರ ಜಾರುತ್ತದೆ.

ಮೂರಕ್ಕೂ ಒಟ್ಟಿಗೇ ಡಿಕೋಡರ್ ತಗೊಳ್ಳಲೇ? ಲೀಮಾಗೆ ಖರ್ಚು ಮಾಡುವುದು ದಂಡವೇ?

ಕಮ್ಯುಟೇಟರ್:

ಡಿಕೋಡರ್ ಈಗಲೇ ಬೇಡ. ಅನಲಾಗ್‌ನಲ್ಲಿ ಮುಗ್ಗರಿಸುವ ಲೋಕೊ ಡಿಸಿಸಿಯಲ್ಲಿ ಇನ್ನೂ ಹೆಚ್ಚು ಮುಗ್ಗರಿಸುತ್ತದೆ. ಕರೆಂಟ್ ಒಂದು ಕ್ಷಣ ತಪ್ಪಿದರೆ ಮೋಟಾರ್ ತನ್ನ ಓಟದಲ್ಲೇ ದಾಟಿಕೊಂಡೀತು, ಡಿಕೋಡರ್ ಮಾತ್ರ ಬಂದ್ ಆಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಮೊದಲು ಚಕ್ರ, ಪಿಕಪ್ (ಚಕ್ರದ ಮೂಲಕ ಹಳಿಯ ಕರೆಂಟ್ ಎತ್ತುವ ಭಾಗ), ಗಿಯರ್ ಸರಿಯಾಗಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಕೆಳಗೆ ಬೋಗಿ ಅಂದಾಗಲೆಲ್ಲ ಲೋಕೊದ ಕೆಳಗೆ ತಿರುಗುವ ಮೂರು ಅಚ್ಚಿನ ಚೌಕಟ್ಟು ಎಂದರ್ಥ. ನಮ್ಮ ಊರಿನವರು ರೈಲು ಡಬ್ಬಿಗೇ ಬೋಗಿ ಅನ್ನುವುದರಿಂದ ಹಿಂದೆ ಇಲ್ಲಿ ಎರಡು ಪುಟ ವಾದವಾಗಿತ್ತು.

ಲೀಮಾ. ಇದರಲ್ಲಿ ಮೋಟಾರ್ ಒಂದು ಬೋಗಿಯಲ್ಲಷ್ಟೇ. ಒಂದು ಹಳಿಯ ಕರೆಂಟನ್ನು ಮುಂದಿನ ಬೋಗಿಯ ಕೆಲವು ಚಕ್ರ, ಇನ್ನೊಂದು ಹಳಿಯದನ್ನು ಹಿಂದಿನ ಬೋಗಿಯ ಕೆಲವು ಚಕ್ರ ಎತ್ತಿಕೊಳ್ಳುತ್ತವೆ. ರಬ್ಬರ್ ಬಳೆ ತೊಟ್ಟ ಚಕ್ರದಿಂದ ಕರೆಂಟ್ ಬರುವುದೇ ಇಲ್ಲ. ಹೀಗಾಗಿ ಪಾಯಿಂಟಿನ ಪ್ಲಾಸ್ಟಿಕ್ ಫ್ರಾಗ್ (ಎರಡು ಹಳಿ ಕೂಡುವ ಮೂತಿ) ಮೇಲೆ ಎರಡು ಚಕ್ರ ಕೂತರೂ ಲೋಕೊ ಸತ್ತಂತೆ ನಿಲ್ಲುತ್ತದೆ. ಮೋಟಾರಿನದೇನೂ ತಪ್ಪಿಲ್ಲ.

ಸರಿಪಡಿಸುವ ಕ್ರಮ ಹೀಗೆ. ಬಾಡಿಯ ಎರಡೂ ಪಕ್ಕಗಳನ್ನು ತುಸು ಹೊರಕ್ಕೆ ಹಿಗ್ಗಿಸಿದರೆ ಚಾಸಿ ಕಳಚಿಕೊಳ್ಳುತ್ತದೆ. ಮೋಟಾರಿನ ಕಮ್ಯುಟೇಟರ್ (ಬ್ರಷ್ ತಾಗುವ ತಾಮ್ರದ ಭಾಗ) ಮೇಲಿನ ಕಪ್ಪನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಇಯರ್ ಬಡ್‌ನಿಂದ ಒರೆಸಿ. ತಾಮ್ರದ ಹೋಳುಗಳ ನಡುವಿನ ಸೀಳಿನಲ್ಲಿ ಬ್ರಷ್ಷಿನ ಕಾರ್ಬನ್ ಪುಡಿ ತುಂಬಿಕೊಂಡಿರುತ್ತದೆ, ಅದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಸೂಜಿ ಬೇಡ, ತಾಮ್ರಕ್ಕೆ ಗೀರು ಬೀಳುತ್ತದೆ. ಬ್ರಷ್ ಸವೆದು ಸ್ಪ್ರಿಂಗ್ ಸಡಿಲವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಎಣ್ಣೆ ಎಂದರೆ ಆರ್ಮೆಚರ್ (ಮೋಟಾರಿನ ತಿರುಗುವ ಭಾಗ) ಬೇರಿಂಗ್ ಎರಡಕ್ಕೂ ಸೂಜಿ ತುದಿಯಲ್ಲಿ ನಿಲ್ಲುವಷ್ಟು ಒಂದು ಹನಿ, ಅದೂ ಪ್ಲಾಸ್ಟಿಕ್‌ಗೆ ಹಾನಿ ಮಾಡದ ಎಣ್ಣೆ. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಕಾರ್ಬನ್ ಪುಡಿಯ ಜೊತೆ ಕೆಸರಾಗುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಡಬ್ಲ್ಯುಡಿ-40 ಮನೆಯ ಬಾಗಿಲಿಗೆ ಇರಲಿ.

ಆಮೇಲೆ ಪಿಕಪ್. ಮೋಟಾರ್ ಇಲ್ಲದ ಬೋಗಿಯ ಕೆಳಗೆ ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡಿನ ಸಣ್ಣ ಪಟ್ಟಿ ಅಂಟಿಸಿ, ನಡುವೆ ತಾಮ್ರವನ್ನು ಕೊಯ್ದು ಎಡ ಬಲ ಬೇರೆ ಮಾಡಿ. 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿಯನ್ನು ಬೆಸೆದು ಪ್ರತಿ ಚಕ್ರದ ಬೆನ್ನಿಗೆ ಸವರಿದಂತೆ ತಾಗಿಸಿ. ಒತ್ತಿ ಕೂತರೆ ಚಕ್ರ ಉರುಳದೆ ಎಳೆದುಕೊಂಡು ಹೋಗುತ್ತದೆ. ಒಂದು ಬದಿಯ ಚಕ್ರ ಅಚ್ಚಿನಿಂದ ಇನ್ಸುಲೇಟ್ ಆಗಿರದಿದ್ದರೆ ಎರಡೂ ಕಡೆ ಪಿಕಪ್ ಹಾಕಿದೊಡನೆ ಶಾರ್ಟ್ ಆಗುತ್ತದೆ. ಹಾಗಾಗಿ ತಂತಿ ಬೆಸೆಯುವ ಮೊದಲೇ ಮಲ್ಟಿಮೀಟರ್ ಹಿಡಿದು ಒಂದೊಂದು ಅಚ್ಚನ್ನೂ ನೋಡಿಕೊಳ್ಳಿ, ಅಗತ್ಯವಿದ್ದರೆ ಎರಡೂ ಬದಿ ಇನ್ಸುಲೇಟ್ ಆದ ಚಕ್ರದ ಜೋಡಿ ಹಾಕಿ. ಬೋಗಿಯಿಂದ ಮೋಟಾರಿಗೆ ಹೋಗುವ ವೈರ್ ಮೃದುವಾದ ಬಹುಎಳೆಯದ್ದಿರಲಿ. ಗಡುಸು ವೈರ್ ಬೋಗಿಯನ್ನು ತಿರುಗಲು ಬಿಡದೆ ತಿರುವಿನಲ್ಲಿ ಹಳಿ ತಪ್ಪಿಸುತ್ತದೆ.

ಟಕಟಕ ಸದ್ದಿಗೆ ಕಾರಣ ಫ್ಲೇಂಜ್, ಅಂದರೆ ಚಕ್ರದ ಅಂಚು. ಕೋಡ್ 75 ಹಳಿಯ ಎತ್ತರ 0.075 ಇಂಚು, ಅಂದರೆ 1.9 ಮಿ.ಮೀ., ಕೋಡ್ 100ರದ್ದು 2.54. ಹಳೆಯ ಲೀಮಾ ಚಕ್ರದ ಆಳವಾದ ಅಂಚು ಸ್ಲೀಪರ್ ಮೇಲೆ ಹಳಿ ಹಿಡಿದಿಡುವ ಚೇರುಗಳಿಗೆ ಬಡಿಯುತ್ತಾ ಹೋಗುತ್ತದೆ. ಚಕ್ರ ಬದಲಿಸಬೇಕು ಅಥವಾ ಲೇಥ್‌ನಲ್ಲಿ ಅಂಚು ಇಳಿಸಬೇಕು. ಎರಡೂ ಬೇಡವೆಂದರೆ ಲೀಮಾ ಕೋಡ್ 100 ಯಾರ್ಡಿನಲ್ಲೇ ಇರಲಿ.

ಎರಡನೆಯ ಲೋಕೊದ ಟಿಕ್ ಟಿಕ್. ಗಿಯರ್ ಒಡೆದಿದೆ ಎಂಬ ಗುಮಾನಿ. ಊಹೆ ಬೇಡ, ಅಳೆದೇ ತಿಳಿಯಬಹುದು. ನಿಜವಾದ 37ರ ಚಕ್ರ 3 ಅಡಿ 9 ಇಂಚು, ಓಓದಲ್ಲಿ ಅಡಿಗೆ 4 ಮಿ.ಮೀ. ಲೆಕ್ಕಕ್ಕೆ 15 ಮಿ.ಮೀ. ಸುತ್ತಳತೆ 47 ಮಿ.ಮೀ. ಹಳಿ ಪಕ್ಕದಲ್ಲಿ ಸ್ಕೇಲ್ ಇಟ್ಟು ಲೋಕೊವನ್ನು ಆದಷ್ಟು ನಿಧಾನ ಓಡಿಸಿ. ಸುಮಾರು 47 ಮಿ.ಮೀ.ಗೆ ಒಂದು ಟಿಕ್ ಬಂದರೆ ಅಚ್ಚಿನ ಮೇಲಿನ ಗಿಯರ್ ಬಿರಿದಿದೆ. ಅದಕ್ಕಿಂತ ಬೇಗ ಬೇಗ ಬಂದರೆ ನಡುವಿನ ಗಿಯರ್ ಅಥವಾ ಮೋಟಾರಿನಿಂದ ಬೋಗಿಗೆ ಹೋಗುವ ಕಾರ್ಡನ್ ಶಾಫ್ಟಿನ ಕೀಲು. ಗೊತ್ತಾದ ಮೇಲೆ ಹೇಳಿ.

ಮೂರಕ್ಕೂ ಬ್ಯಾಕ್-ಟು-ಬ್ಯಾಕ್ ನೋಡಿ. ಚಕ್ರಗಳ ಬೆನ್ನು-ಬೆನ್ನಿನ ಅಂತರ 14.4ರಿಂದ 14.5 ಮಿ.ಮೀ. ಇರಬೇಕು. ಕಡಿಮೆಯಾದರೆ ಪಾಯಿಂಟಿನ ಚೆಕ್‌ರೈಲ್ (ಚಕ್ರಕ್ಕೆ ದಾರಿ ತೋರುವ ಒಳಹಳಿ) ಮೇಲೆ ಚಕ್ರ ಹತ್ತಿ ಕುಣಿಯುತ್ತದೆ. ಪಾಯಿಂಟನ್ನು ಬೈಯುವವರಲ್ಲಿ ಅರ್ಧ ಜನ ಈ ಅಳತೆಯನ್ನೇ ನೋಡಿರುವುದಿಲ್ಲ.

ಫೇಡಾ_ಫ್ರೈಟ್:

ಏರಿನ ಲೆಕ್ಕ ನಾ ಹೇಳ್ತೀನ್ರಿ. ಮೊದಲ ಅಡಿಗಿಮನಿ ತಕ್ಕಡಿ ತಗೊಂಡು ಎಲ್ಲಾ ತೂಗ್ರಿ. ಸದ್ಯಕ್ಕ ಲೋಕೊ 500 ಗ್ರಾಂ, ಕೋಚ್ ಒಂದಕ್ಕ 150 ಗ್ರಾಂ ಅಂತ ಹಿಡಿಯೋಣು. ಆರು ಕೋಚಿಗೆ 900, ಲೋಕೊ ಕೂಡಿ 1400. 40ಕ್ಕ 1ರ ಏರಿನ್ಯಾಗ ಕೆಳಗ ಜಗ್ಗೋ ಬಲ 1400 ಭಾಗಿಸು 40, ಅಂದ್ರ 35 ಗ್ರಾಂ. ಕೋಚಿನ ಉರುಳಾಟದ ತಿಕ್ಕಾಟ ಶೇ. 3 ಅಂದ್ರ 27. ಒಟ್ಟು 62 ಗ್ರಾಂ. ಎಲ್ಲಾ ಅಚ್ಚು ತಿರುಗೋ ಲೋಕೊ ತನ್ನ ತೂಕದ ಐದನೇ ಒಂದು ಪಾಲಿನಷ್ಟು ಎಳೀತೈತಿ, ಅಂದ್ರ 100 ಗ್ರಾಂ. ಹಂಗಾಗಿ ನಿಮ್ಮ ಹೊಸಾ 37 ಎಳೀಲೇಬೇಕು. ಎಳೀವಲ್ತು ಅಂದ್ರ ತಪ್ಪು ಬ್ಯಾರೆ ಕಡೆ ಐತಿ.

ಎಲ್ಲಿ ಹುಡುಕಬೇಕು? ಏರಿನ ಬುಡದಾಗ. "ಬುಡದಲ್ಲೇ ಜಾರುತ್ತದೆ" ಅಂತ ನೀವ ಬರದೀರಿ. ಸಪಾಟು ಹಳಿಯಿಂದ ಒಮ್ಮೆಲೆ ಏರು ಶುರು ಆತಂದ್ರ ಮೂರಚ್ಚಿನ ಬೋಗಿಗೆ ಬಾಗಾಕ ಬರೂದಿಲ್ಲ. ನಡುವಿನ ಚಕ್ರ ಗಾಳ್ಯಾಗ ನಿಲ್ತಾವ, ಹಿಡಿತ ಹೋತು, ಪಿಕಪ್ಪೂ ಹೋತು. ಬುಡದಾಗ 300 ಮಿ.ಮೀ., ತಲಿಯೊಳಗ 300 ಮಿ.ಮೀ. ನಿಧಾನಕ್ಕ ಬಾಗಿಸ್ರಿ. ಆ ಎರಡೂ ಕೂಡಿ 7.5 ಮಿ.ಮೀ. ಏರ್ತಾವ, ಉಳಿದ 62.5 ಮಿ.ಮೀ.ಗೆ ಎರಡೂವರಿ ಮೀಟರ್ ಬೇಕು. ಒಟ್ಟು 3.1 ಮೀಟರ್. ನಿಮ್ಮ 4.2 ಮೀಟರ್ ಬದಿಯೊಳಗ ಎರಡೂ ತುದಿಯ ತಿರುವಿಗೆ ಅರ್ಧರ್ಧ ಮೀಟರ್ ಬಿಟ್ರ 3.2 ಉಳೀತೈತಿ. ಕೂಡತೈತಿ, ಆದ್ರ ಬಿಗಿ. ಈಗ ಬುಡದಾಗ ಬಾಗು ಇಲ್ಲಂದ್ರ ಅಲ್ಲೆ 25ಕ್ಕ 1 ಆಗಿರಬಹುದು. ಒಂದು ಮೀಟರ್ ಉದ್ದದ ನೆಟ್ಟನ್ನ ಪಟ್ಟಿ ಸಪಾಟು ಹಿಡಿದು ನೋಡ್ರಿ, ತುದಿಗೆ ಅಂತರ 25 ಮಿ.ಮೀ. ಬಂದ್ರ 40ಕ್ಕ 1, 40 ಮಿ.ಮೀ. ಬಂದ್ರ 25ಕ್ಕ 1.

ಕೋಚ್ ಪರೀಕ್ಷಾನೂ ಮಾಡ್ರಿ. ಒಂದೊಂದ ಕೋಚ್ ಏರಿನ ಮ್ಯಾಲ ಇಟ್ಟು ಕೈ ಬಿಡ್ರಿ. ತಾನಾಗೆ ಇಳಿಯದ ಕೋಚ್ ಐತೆಲ್ಲ, ಅದ ಕಳ್ಳ. ಒಳಗ ಲೈಟಿಗೆ ಪಿಕಪ್ ಹಾಕಿದ ಕೋಚ್ ಇದ್ರ ಒಂದ ಎರಡು ಕೋಚಿನಷ್ಟು ಭಾರ ಆಗಿ ಕುಂಡ್ರತೈತಿ. ಹೊಸಾ ಲೋಕೊದ ಚಕ್ರದ ಮ್ಯಾಲ ಫ್ಯಾಕ್ಟರಿ ಎಣ್ಣಿ ಇರ್ತೈತಿ, ಅದನ್ನೂ ಒರಸ್ರಿ.

ಲೀಮಾ ಲೆಕ್ಕಾನೂ ಕೇಳ್ರಿ: 300 ಗ್ರಾಂ ತೂಕ, ಅದರಾಗ ಅರ್ಧ ಮೋಟಾರ್ ಬೋಗಿ ಮ್ಯಾಲ. ರಬ್ಬರ್ ಇದ್ದದ್ದಕ್ಕ ಶೇ. 30 ಹಿಡಿತ ಅಂದ್ರೂ 45 ಗ್ರಾಂ ಎಳೀತೈತಿ. ಲೋಕೊ ಹಗುರ ಇದ್ದದ್ದಕ್ಕ ಆರು ಕೋಚಿಗೆ ಬೇಕಾದ್ದು 57. ನಾಕು ಕೋಚಿಗೆ 40 ಚಿಲ್ಲರೆ. ಅಂದ್ರ ಲೀಮಾಗೆ ನಾಕ ಕೋಚ್, ಅಷ್ಟ.

ಅಟ್ಟದ ಹಳಿಗೆ ಇನ್ನೊಂದು ಮಾತ್ರಿ. ಚಳಿಗಾಲಕ್ಕ 5 ಡಿಗ್ರಿ, ಬ್ಯಾಸಗಿಗೆ ಹಂಚಿನ ಕೆಳಗ 40. ನಿಕಲ್ ಸಿಲ್ವರ್ ಹಳಿ ಒಂದು ಗಜಕ್ಕ ಅರ್ಧ ಮಿ.ಮೀ. ಹಿಗ್ಗತೈತಿ. ಚಳಿಗಾಲದಾಗ ಜೋಡಿಸೂದಾದ್ರ ಪ್ರತಿ ಜಾಯಿಂಟಿನ್ಯಾಗ ಅಷ್ಟು ಸಂದು ಬಿಡ್ರಿ, ಜಾಯಿನರ್ ಬೆಸೀಬ್ಯಾಡ್ರಿ. ಬೆಸದ್ರ ಜುಲೈದಾಗ ಹಳಿ ಹಾವಿನಂಗ ಸೊಟ್ಟ ಆಗತೈತಿ. ಜಾಯಿನರ್ ಮ್ಯಾಲ ಕರೆಂಟಿಗೆ ಭರೋಸಾ ಇಡಬ್ಯಾಡ್ರಿ. ಪ್ರತಿ ಹಳಿ ತುಂಡಿಗೂ 7/0.2 ಡ್ರಾಪರ್ ವೈರ್ (ಹಳಿಯಿಂದ ಕೆಳಗಿಳಿಯೋ ಸಣ್ಣ ವೈರ್), ಅವೆಲ್ಲಾ ಕೆಳಗ 2.5 ಚದರ ಮಿ.ಮೀ. ಬಸ್ ವೈರಿಗೆ, ಅಂದ್ರ ಮುಖ್ಯ ವೈರಿಗೆ.

ಅಟ್ಟದ_ಹಳಿ:

ಇಬ್ಬರಿಗೂ ಧನ್ಯವಾದ. ಅಳೆದೆ. ಟಿಕ್ ಸರಿಯಾಗಿ 46–48 ಮಿ.ಮೀ.ಗೊಂದು. ಏರಿನ ಬುಡದಲ್ಲಿ ಪಟ್ಟಿ ಹಿಡಿದರೆ ಮೊದಲ ಕಾಲು ಮೀಟರಿಗೇ 9 ಮಿ.ಮೀ. ಅಂತರ, ಅಂದರೆ 28ಕ್ಕೆ 1. ಅಲ್ಲಿ ಪ್ಲೈವುಡ್ ಕೆಳಗಿನ ಆಧಾರಗಳನ್ನು ಬಿಚ್ಚಿ ಬಾಗಿಸುತ್ತೇನೆ. ಬಿರಿದ ಗಿಯರ್‌ಗೆ ಸೂಪರ್ ಗ್ಲೂ ಹಾಕಬಹುದೇ? ಡಿಕೋಡರ್ ವಿಚಾರ ಯಾರಾದರೂ ಬಿಡಿಸಿ ಹೇಳಿ.

ಕಮ್ಯುಟೇಟರ್:

ಸೂಪರ್ ಗ್ಲೂ ನಿಲ್ಲುವುದಿಲ್ಲ, ಆ ಜಾತಿಯ ಪ್ಲಾಸ್ಟಿಕ್‌ಗೆ ಅಂಟು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ವರ್ಷಗಳಲ್ಲಿ ಕುಗ್ಗುತ್ತದೆ, ಒಳಗಿನ ಲೋಹದ ಅಚ್ಚು ಕುಗ್ಗುವುದಿಲ್ಲ, ಅದಕ್ಕೇ ಬಿರಿಯುವುದು. ಲೋಕೊವನ್ನು ಸ್ಪಂಜಿನ ತೊಟ್ಟಿಲಲ್ಲಿ ಬೆನ್ನಡಿ ಮಲಗಿಸಿ, ಬೋಗಿಯ ಕೆಳಮುಚ್ಚಳ ತೆಗೆದು, ಒಂದೊಂದು ಅಚ್ಚನ್ನೂ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ಎರಡು ಹಲ್ಲುಗಳ ನಡುವಿನ ಕೂದಲೆಳೆ ಬಿರುಕು ಹುಡುಕಿ. ಒಂದು ಒಡೆದಿದ್ದರೆ ಉಳಿದ ಐದೂ ಅದೇ ವಯಸ್ಸಿನವು, ಆರನ್ನೂ ಬದಲಿಸಿ. ಹೊಸ ಗಿಯರ್ ಅಚ್ಚಿನ ಮೇಲೆ ಸುತ್ತಿಗೆ ಬೇಡುವಷ್ಟು ಬಿಗಿಯಾಗಿದ್ದರೆ ಅದೂ ಒಡೆಯುತ್ತದೆ, ತೂತನ್ನು ರೀಮರ್‌ನಿಂದ ಒಂದೆರಡು ಸುತ್ತು ಸಡಿಲಿಸಿ. ಜೋಡಿಸಿದ ಮೇಲೆ ಬ್ಯಾಕ್-ಟು-ಬ್ಯಾಕ್ ಮತ್ತೆ ಅಳೆಯಿರಿ, ಈ ಕೆಲಸದಲ್ಲಿ ಅದು ತಪ್ಪಿಯೇ ತಪ್ಪುತ್ತದೆ. ಗಿಯರಿಗೆ ಎಣ್ಣೆಯಲ್ಲ, ಗ್ರೀಸ್, ಸಾಸಿವೆ ಕಾಳಿನಷ್ಟು. ಆಮೇಲೆ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಮಧ್ಯಮ ವೇಗದಲ್ಲಿ ಭಾರವಿಲ್ಲದೆ ಓಡಿಸಿ.

ಸಿವಿ29:

ಡಿಸಿಸಿ ನನ್ನ ಪಾಲಿಗಿರಲಿ.

ಸುಲಭದ್ದು ಮೊದಲು, 21 ಪಿನ್. ಸಾಕೆಟ್‌ನಲ್ಲಿ ಒಂದು ಪಿನ್ (11ನೆಯದು) ಇರುವುದಿಲ್ಲ, ಡಿಕೋಡರಿನಲ್ಲಿ ಅದೇ ಜಾಗದ ತೂತು ಮುಚ್ಚಿರುತ್ತದೆ. ಹೊಂದಿಸಿ ನೇರ ಒತ್ತಿ. ಇಲ್ಲಿ ಜನ ಬೀಳುವ ಹಳ್ಳ ಬೇರೆ: 3 ಮತ್ತು 4ನೇ ಆಕ್ಸಿಲರಿ ಔಟ್‌ಪುಟ್ (ಹೆಚ್ಚುವರಿ ಲೈಟ್‌ನಂಥವಕ್ಕೆ) ಕೆಲವು ಡಿಕೋಡರಿನಲ್ಲಿ ಬರೀ ಲಾಜಿಕ್ ಸಿಗ್ನಲ್, ಕೆಲವದರಲ್ಲಿ ಪೂರ್ತಿ ಕರೆಂಟ್ ಕೊಡುವಂಥದ್ದು. ಲೋಕೊ ಬೋರ್ಡಿಗೆ ಯಾವುದು ಬೇಕೆಂದು ಕೈಪಿಡಿಯಲ್ಲಿ ನೋಡದೆ ತಂದರೆ ಹೆಡ್‌ಲೈಟ್ ಹತ್ತುತ್ತದೆ, ಕ್ಯಾಬ್ ಲೈಟ್ ಮಾತ್ರ ಹತ್ತುವುದಿಲ್ಲ ಎಂಬ ದೂರು ಬರುತ್ತದೆ.

8 ಪಿನ್‌ನಲ್ಲಿ ಕಿತ್ತಳೆ ವೈರ್ 1ನೇ ಪಿನ್‌ಗೆ. ತಿರುಗಿಸಿ ಹಾಕಿದರೆ ಲೋಕೊ ಓಡುತ್ತದೆ, ಲೈಟ್ ಸತ್ತಿರುತ್ತದೆ. ತೆಗೆದು ಸರಿ ದಿಕ್ಕಿಗೆ ಹಾಕಿ.

ಲೀಮಾಗೆ ಸಾಕೆಟ್ ಇಲ್ಲ, ವೈರ್ ಬೆಸೆಯಬೇಕು: ಕೆಂಪು ಬಲ ಹಳಿಯ ಪಿಕಪ್, ಕಪ್ಪು ಎಡ ಹಳಿಯದು, ಕಿತ್ತಳೆ ಮತ್ತು ಬೂದು ಎರಡು ಬ್ರಷ್‌ಗಳಿಗೆ. ಅದಕ್ಕೆ ಮೊದಲು ಹಳೆಯ ವೈರುಗಳನ್ನೆಲ್ಲ ಬಿಡಿಸಿ, ಪ್ರತಿ ಬ್ರಷ್‌ನಿಂದ ಪ್ರತಿ ಚಕ್ರಕ್ಕೆ ಮತ್ತು ಲೋಹದ ಚಾಸಿಗೆ ಮಲ್ಟಿಮೀಟರ್ ಹಿಡಿಯಿರಿ. ಒಂದು ಕಡೆ ಬೀಪ್ ಎಂದರೂ ಡಿಕೋಡರ್ ಮೊದಲ ಸೆಕೆಂಡಿನಲ್ಲೇ ಸುಡುತ್ತದೆ. 104 ಎಂದು ಬರೆದಿರುವ ಕೆಪಾಸಿಟರ್ ಇದ್ದರೆ ತೆಗೆಯಿರಿ. ಜೊತೆಗೆ ಸ್ಟಾಲ್ ಕರೆಂಟ್: 12 ವೋಲ್ಟ್ ಕೊಟ್ಟು, ಅಮ್ಮೀಟರ್ ಜೋಡಿಸಿ, ಚಕ್ರವನ್ನು ಒಂದು ಸೆಕೆಂಡ್ ಮಾತ್ರ ಬೆರಳಲ್ಲಿ ತಡೆದು ಓದಿಕೊಳ್ಳಿ. ಹಳೆಯ ಪ್ಯಾನ್‌ಕೇಕ್ ಮೋಟಾರ್ 1 ಆಂಪಿಯರ್ ದಾಟುವುದುಂಟು. ಸಣ್ಣ ಡಿಕೋಡರ್ ಇದನ್ನು ತಾಳುವುದಿಲ್ಲ.

ಸಿಡಿ ಪ್ಲೇಯರಿನ ಮೋಟಾರ್ ಹಾಕುವ ದಾರಿಯೂ ಇದೆ. ಕರೆಂಟ್ ಬಹಳ ಕಡಿಮೆ, ನಿಧಾನ ಓಟ ಚೆನ್ನ. ಆದರೆ ಆ ಮೋಟಾರುಗಳಲ್ಲಿ ಹೆಚ್ಚಿನವು 5–6 ವೋಲ್ಟಿನವು. ಗರಿಷ್ಠ ವೋಲ್ಟೇಜನ್ನು ಸಿವಿ5ರಲ್ಲಿ (ಸಿವಿ ಎಂದರೆ ಡಿಕೋಡರಿನೊಳಗೆ ಬರೆದಿಡುವ ಸೆಟ್ಟಿಂಗ್) ಇಳಿಸದೆ ಓಡಿಸಿದರೆ ಬಾಳುವುದಿಲ್ಲ. ಪಿಕಪ್, ಚಕ್ರ, ಮೋಟಾರ್, ಡಿಕೋಡರ್ ಎಲ್ಲ ಸೇರಿಸಿದರೆ ಖರ್ಚು ಇನ್ನೊಂದು ಸೆಕೆಂಡ್‌ಹ್ಯಾಂಡ್ ಲೋಕೊದ ಹತ್ತಿರ ಹೋಗುತ್ತದೆ. ನನ್ನ ಮತ: ಲೀಮಾವನ್ನು ಸ್ವಚ್ಛ ಮಾಡಿ ಅನಲಾಗ್‌ನಲ್ಲೇ ಇಡಿ. ಕಮ್ಯುಟೇಟರ್ ಅವರು ಒಪ್ಪಲಿಕ್ಕಿಲ್ಲ. ಡಿಸಿಸಿ ಹಳಿಯ ಮೇಲೆ ಮಾತ್ರ ಅದನ್ನು ನಿಲ್ಲಿಸಬೇಡಿ, ಡಿಕೋಡರ್ ಇಲ್ಲದ ಮೋಟಾರ್ ನಿಂತಲ್ಲೇ ಗುಂಯ್‌ಗುಟ್ಟಿ ಕಾಯುತ್ತದೆ.

ವಿಳಾಸ (ಕಂಟ್ರೋಲರ್ ಲೋಕೊವನ್ನು ಕರೆಯುವ ಸಂಖ್ಯೆ): ಹೊಸ ಡಿಕೋಡರ್ ಎಲ್ಲವೂ 3ರಲ್ಲಿ ಬರುತ್ತವೆ. ಲೋಕೊ ನಂಬರ್ 37401 ಎಂದಿಟ್ಟುಕೊಂಡರೆ ಕೊನೆಯ ನಾಲ್ಕು ಅಂಕೆ, 7401. ಕಂಟ್ರೋಲರ್ ತಾನೇ ಬರೆಯದಿದ್ದರೆ ಕೈಯಲ್ಲಿ: 7401ನ್ನು 256ರಿಂದ ಭಾಗಿಸಿದರೆ 28, ಶೇಷ 233. ಸಿವಿ17ಕ್ಕೆ 192 + 28 = 220, ಸಿವಿ18ಕ್ಕೆ 233, ಸಿವಿ29ಕ್ಕೆ 34. ಅನಲಾಗ್‌ನಲ್ಲೂ ಓಡಬೇಕೆಂದರೆ 38. ಎಲ್ಲ ಎಡವಟ್ಟಾದರೆ ಹೆಚ್ಚಿನ ಡಿಕೋಡರಿನಲ್ಲಿ ಸಿವಿ8ಕ್ಕೆ 8 ಬರೆದರೆ ಮೊದಲಿನ ಸ್ಥಿತಿ.

ಎರಡು 37 ಜೋಡಿಸಿ ಓಡಿಸುವುದಾದರೆ ಮೊದಲು ಎರಡರಲ್ಲೂ ಸಿವಿ3, ಸಿವಿ4 (ವೇಗ ಏರುವ, ಇಳಿಯುವ ನಿಧಾನ) ಸೊನ್ನೆ ಮಾಡಿ. ಆಮೇಲೆ ನಿಧಾನ ಓಟಕ್ಕೆ ಸಿವಿ2, ನಡು ವೇಗಕ್ಕೆ ಸಿವಿ6, ಗರಿಷ್ಠಕ್ಕೆ ಸಿವಿ5, ಇದೇ ಕ್ರಮದಲ್ಲಿ ಹೊಂದಿಸಿ. ಗಂಟೆಗೆ 60 ಮೈಲಿ ಅಂದರೆ ಓಓದಲ್ಲಿ ಒಂದು ಮೀಟರಿಗೆ 2.8 ಸೆಕೆಂಡ್, 30 ಮೈಲಿಗೆ 5.7. ಸ್ಟಾಪ್‌ವಾಚ್ ಹಿಡಿದು ನೋಡಿದರೆ ನಾವೆಲ್ಲ ಎಷ್ಟು ಜೋರಾಗಿ ಓಡಿಸುತ್ತಿದ್ದೇವೆಂದು ನಾಚಿಕೆಯಾಗುತ್ತದೆ.

ವೈರಿಂಗ್ ಮುಗಿದ ಮೇಲೆ ಲೇಔಟಿನ ಮೂಲೆಮೂಲೆಯಲ್ಲೂ ಎರಡು ಹಳಿಗೆ ಅಡ್ಡ ಒಂದು ನಾಣ್ಯ ಇಡಿ. ಕಂಟ್ರೋಲರ್ ತಕ್ಷಣ ಟ್ರಿಪ್ ಆಗಬೇಕು. ಆಗದ ಜಾಗದಲ್ಲಿ ವೈರ್ ಸಣ್ಣದಾಯಿತು ಅಥವಾ ಬೆಸುಗೆ ಹಿಡಿದಿಲ್ಲ.

ಕಮ್ಯುಟೇಟರ್:

ಒಪ್ಪುವುದಿಲ್ಲ. ನಾಲ್ಕು ಹೆಚ್ಚುವರಿ ಪಿಕಪ್‌ಗೆ ಬೇಕಾದ ತಂತಿ, ಬೋರ್ಡ್ ಎರಡೂ ಚಿಲ್ಲರೆ ಹಣದವು, ಬೆಸುಗೆ ಕಲಿಯಲು ಲೀಮಾಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೆಟ್ಟರೆ ಕೆಡಲಿ. ಇದು ನೀಲಿ 37/0 (ಮಾರ್ಪಡಿಸದ ಮೂಲ 37) ಆಗಿದ್ದರೆ ವೆಸ್ಟ್ ಹೈಲ್ಯಾಂಡ್‌ಗೆ ಬೇಕಾದದ್ದೇ. 37/4 ಬಂದದ್ದು 1985–86ರಲ್ಲಿ, 37401ರಿಂದ 37431ರವರೆಗೆ 31 ಲೋಕೊ, ಕೋಚಿಗೆ ವಿದ್ಯುತ್ ಹೀಟಿಂಗ್ ಕೊಡಲೆಂದೇ ಮಾರ್ಪಡಿಸಿದವು. ಅದಕ್ಕೆ ಮುಂಚೆ ಸ್ಲೀಪರ್ ರೈಲಿಗೆ ಹೀಟಿಂಗ್ ಕೊಡಲು ಹಳೆಯ ಕ್ಲಾಸ್ 25 ಮೂರನ್ನು ಮಾರ್ಪಡಿಸಿ "ಎಥೆಲ್" ಎಂದು ಹೆಸರಿಟ್ಟು 37ರ ಹಿಂದೆ ಎಳೆಸುತ್ತಿದ್ದರು. ಲೀಮಾದ ಹಿಂದೆ ಒಂದು ಎಥೆಲ್, ಮೂರು ಕೋಚ್. ಫೇಡಾ ಅವರ ಲೆಕ್ಕಕ್ಕೂ ಸರಿಹೋಯಿತು, ಎಥೆಲ್ ಮೋಟಾರಿಲ್ಲದೆ ಹಗುರವಾಗಿದ್ದರೆ.

ಕೊಳ್ಳುವಾಗ ಮೂಗು ನೋಡಿ. ಮೊದಲ 119 ಲೋಕೊಗಳಿಗೆ ಹೆಡ್‌ಕೋಡ್ ಪೆಟ್ಟಿಗೆ (ರೈಲಿನ ಸಂಕೇತ ಸಂಖ್ಯೆ ತೋರಿಸುವಂಥದ್ದು) ಎಡಕ್ಕೊಂದು ಬಲಕ್ಕೊಂದು, ನಡುವೆ ಬಾಗಿಲು. ಹಳೆಯ ನಂಬರ್ ಡಿ6819ರಿಂದ ಮುಂದೆ ನಡುವೆ ಒಂದೇ ಪೆಟ್ಟಿಗೆ. 37/4 ಆದವೆಲ್ಲ ಈ ಎರಡನೇ ಗುಂಪಿನವು. ಎರಡು ಪೆಟ್ಟಿಗೆಯ ಮೂಗಿಗೆ 374xx ನಂಬರ್ ಅಂಟಿಸಿ ಮಾರುವವರಿದ್ದಾರೆ.

ಫೇಡಾ_ಫ್ರೈಟ್:

ಹಳಿ ಒರಸಾಕ ಎಲ್ಲಾರೂ ಐಸೊಪ್ರೊಪೈಲ್ ಅಂತಾರ. ಕೊಳಿ ತಗಿಯಾಕ ಅಡ್ಡಿಯಿಲ್ಲ, ಆದ್ರ ಕಡೀಕ ಒಮ್ಮೆ ವೈಟ್ ಸ್ಪಿರಿಟ್ ಹಚ್ಚಿದ ಬಟ್ಟೀಲೆ ಒರಸ್ರಿ, ಕಪ್ಪು ತಿರುಗಿ ಕೂಡೂದು ತಡ ಆಗತೈತಿ. ಒಣಗೂ ತನಕ ಕರೆಂಟ್ ಹಚ್ಚಬ್ಯಾಡ್ರಿ, ಅಟ್ಟದ ಕಿಟಕಿ ತೆರದಿರ್ರಿ. ಉಸುಕಿನ ಕಾಗದ ಅಂತೂ ಮುಟ್ಟಬ್ಯಾಡ್ರಿ, ಬಿದ್ದ ಗೀರಿನ್ಯಾಗ ಕೊಳಿ ಮನಿ ಮಾಡ್ತೈತಿ.

ಅಟ್ಟದ_ಹಳಿ:

ಕೊನೆಯದೊಂದು. ಗಿಯರ್ ಸಿಗದಿದ್ದರೆ ಅದೇ ಕಾಲದ ಇನ್ನೊಂದು ಸೆಕೆಂಡ್‌ಹ್ಯಾಂಡ್ ಲೋಕೊ ಕೊಂಡು ಬಿಡಿಭಾಗ ತೆಗೆಯೋಣವೆಂದಿದ್ದೇನೆ. ಏನು ನೋಡಬೇಕು?

ಸಿವಿ29:

ಮಝಾಕ್ ಕೊಳೆತ. ಚಾಸಿಯ ಸತು ಮಿಶ್ರಲೋಹದಲ್ಲಿ ಎರಕದ ಸಮಯದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. 2000ದ ದಶಕದ ಕೆಲವು ಮಾದರಿಗಳಿಗೆ ಇದು ಬಂದಿದೆ. ಮದ್ದಿಲ್ಲ, ಚಾಸಿ ಬದಲಿಸಬೇಕು ಅಷ್ಟೇ. ಹೊರಗಿನ ಗುರುತುಗಳು: ಬಾಡಿ ಚಾಸಿಯ ಮೇಲೆ ಪೂರ್ತಿ ಕೂರುವುದಿಲ್ಲ, ತುದಿಗಳಲ್ಲಿ ಬಫರ್ ಬೀಮ್ (ತುದಿಯ ಅಡ್ಡಪಟ್ಟಿ) ಮುಂದಕ್ಕೆ ತಳ್ಳಿಕೊಂಡಿರುತ್ತದೆ, ಸ್ಕ್ರೂ ಕಂಬಗಳ ಸುತ್ತ ಕೂದಲೆಳೆ ಬಿರುಕು, ಪಕ್ಕದಿಂದ ನೋಡಿದರೆ ನಡು ಬಾಳೆಹಣ್ಣಿನಂತೆ ಬಾಗಿರುತ್ತದೆ. ಫೋಟೊದಲ್ಲಿ ಸ್ಕೇಲ್ ಇಟ್ಟು ಚಾಸಿಯ ಉದ್ದ ತೋರಿಸಲು ಕೇಳಿ, ನಿಮ್ಮದರ ಜೊತೆ ಹೋಲಿಸಿ. ಒಂದು ಮಿ.ಮೀ. ಹೆಚ್ಚಿದ್ದರೂ ಬೇಡ.

ನಿಧಾನ ಓಡುವ ವಿಡಿಯೊ ಸದ್ದಿನ ಸಮೇತ ಕೇಳಿ. ಅದೂ 47 ಮಿ.ಮೀ.ಗೊಮ್ಮೆ ಟಿಕ್ ಎಂದರೆ ನಿಮಗೆ ಸಿಗುವುದು ಇನ್ನಾರು ಒಡೆದ ಗಿಯರ್.